ಮೀಸಲು ಗೋಲ್‌ಕೀಪರ್

(ಅಂತಿಮ ಬಿ.ಎ. ವಿದ್ಯಾರ್ಥಿ, ಕದರಮಂಡಲಗಿ)

ಕಾಲ್ಚೆಂಡಾಟದ ತಂಡದಲ್ಲಿ ಆಡುವವರು ಹನ್ನೊಂದು ಮಂದಿ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಅಂಕಣದ ಹೊರಗೆ, ಕೈಗವಸು ತೊಟ್ಟು ಬೆಂಚಿನ ಮೇಲೆ ಕುಳಿತ ಒಬ್ಬನನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನೇ ಮೀಸಲು ಗೋಲ್‌ಕೀಪರ್. ಇಂಥವನನ್ನು ‘ಊಟಕ್ಕಿಲ್ಲದ ಉಪ್ಪಿನಕಾಯಿ’ ಎಂದು ನಕ್ಕುಬಿಡುವುದು ನಮ್ಮ ಕಡೆಯ ವಾಡಿಕೆ. ಆ ನಗೆ ನ್ಯಾಯವೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲನೆಯದಾಗಿ, ಇವನಿಗೆ ಅವಕಾಶ ವಿರಳವೇಕೆ? ಮುಂಪಡೆಯ ಆಟಗಾರನು ಓಡಿ ದಣಿಯುತ್ತಾನೆ. ತರಬೇತುದಾರನು ಅವನನ್ನು ಹೊರಗೆ ಕರೆದು ದಣಿಯದ ಕಾಲುಗಳನ್ನು ಒಳಗಿಳಿಸುತ್ತಾನೆ. ಗೋಲ್‌ಕೀಪರನಿಗೆ ಅಷ್ಟು ಓಟವಿಲ್ಲ. ಮೇಲಾಗಿ ಅವನಿಗೂ ರಕ್ಷಕರಿಗೂ ನಡುವೆ ಕೂಗು, ಸಂಜ್ಞೆಗಳ ಹೊಂದಾಣಿಕೆ ಬೆಳೆದಿರುತ್ತದೆ. ಅದನ್ನು ಕೆಡಿಸಲು ಯಾರೂ ಒಪ್ಪರು. ಆದ್ದರಿಂದ ಮೊದಲನೆಯವನಿಗೆ ಗಾಯವೋ ಶಿಕ್ಷೆಯೋ ಒದಗಿದಾಗಲೇ ಹೆಚ್ಚಾಗಿ ಎರಡನೆಯವನ ಸರದಿ. ಗೆಳೆಯನ ಕೇಡಿನಲ್ಲಿ ತನ್ನ ಭಾಗ್ಯ! ಇದೇ ಈ ವೃತ್ತಿಯ ಕಹಿ. ಆದರೂ ದಿನವೂ ಅಭ್ಯಾಸದಲ್ಲಿ ಆ ಗೆಳೆಯನತ್ತ ಚೆಂಡು ಒದ್ದು ಅವನನ್ನು ಹುರಿಗೊಳಿಸುವವನೂ ಇವನೇ.

ಇವನಿಲ್ಲದಿದ್ದರೆ ಏನಾದೀತು? ೧೯೫೬ರ ಇಂಗ್ಲೆಂಡಿನ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಬದಲಿ ಆಟಗಾರರಿಗೆ ಅನುಮತಿಯಿರಲಿಲ್ಲ. ಮ್ಯಾಂಚೆಸ್ಟರ್ ಸಿಟಿಯ ಬರ್ಟ್ ಟ್ರೌಟ್‌ಮನ್ ಕುತ್ತಿಗೆಗೆ ಪೆಟ್ಟು ಬಿದ್ದರೂ ಕೊನೆಯವರೆಗೆ ನಿಂತನು. ಮೂಳೆ ಮುರಿದಿದ್ದುದು ಕೆಲವು ದಿನಗಳ ಮೇಲೆ ತಿಳಿಯಿತು. ವಿಶ್ವಕಪ್ಪಿನಲ್ಲಿ ಬದಲಿಗೆ ಅವಕಾಶ ದೊರೆತದ್ದು ೧೯೭೦ರಲ್ಲಿ. ೨೦೧೪ರ ವಿಶ್ವಕಪ್ಪಿನಲ್ಲಿ ಹಾಲೆಂಡಿನ ಟಿಮ್ ಕ್ರುಲ್ ಹೆಚ್ಚುವರಿ ಆಟದ ಕೊನೆಯ ಗಳಿಗೆಯಲ್ಲಿ ಇಳಿದು, ಕೋಸ್ಟರಿಕಾದ ಎರಡು ಪೆನಾಲ್ಟಿಗಳನ್ನು ತಡೆದು ತಂಡವನ್ನು ಗೆಲ್ಲಿಸಿದನು.

ನಮ್ಮ ನಾಡಿನ ನಿದರ್ಶನವನ್ನೇ ನೋಡಬಹುದು. ೨೦೧೬ರ ಅಕ್ಟೋಬರ್ ೧೯ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ತಂಡವು ಮಲೇಶಿಯಾದ ಜೊಹೋರ್ ತಂಡವನ್ನು ೩–೧ರಿಂದ ಸೋಲಿಸಿ, ಎ.ಎಫ್.ಸಿ. ಕಪ್ಪಿನ ಅಂತಿಮ ಘಟ್ಟ ತಲುಪಿದ ಮೊದಲ ಭಾರತೀಯ ಕ್ಲಬ್ಬಾಯಿತು. ಆದರೆ ಹಳದಿ ಚೀಟಿಗಳ ದೆಸೆಯಿಂದ ಮೊದಲ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅಂತಿಮ ಪಂದ್ಯಕ್ಕೆ ಎರವಾದನು. ನವೆಂಬರ್ ೫ರಂದು ದೋಹಾದಲ್ಲಿ, ಇರಾಕಿನ ಏರ್ ಫೋರ್ಸ್ ಕ್ಲಬ್ಬಿನ ಎದುರು ನಿಂತವನು ಮಿಜೋರಾಮಿನ ಲಾಲ್‌ಥುವಮ್ಮಾವಿಯಾ ರಾಲ್ಟೆ. ೭೦ನೆಯ ನಿಮಿಷದವರೆಗೆ ಗೋಲು ಬೀಳಲಿಲ್ಲ. ಬಿದ್ದ ಆ ಒಂದೇ ಗೋಲಿನಿಂದ ತಂಡ ಸೋತಿತು. ಮರುವರ್ಷ ನಾರ್ವೆಯಿಂದ ಗುರುಪ್ರೀತ್ ಸಿಂಗ್ ಸಂಧು ಬಂದನು. ರಾಲ್ಟೆ ಮತ್ತೆ ಎರಡನೆಯವನಾದನು. ಅದೇ ನವೆಂಬರಿನಲ್ಲಿ ಗೋವೆಯಲ್ಲಿ ಗುರುಪ್ರೀತನಿಗೆ ಕೆಂಪು ಚೀಟಿ ಬಿದ್ದಾಗ ಪಂದ್ಯದ ನಡುವೆಯೇ ಇಳಿಯಬೇಕಾದವನೂ ಅವನೇ. ಕರೆ ಯಾವಾಗ ಬರುವುದೋ ತಿಳಿಯದು, ಬಂದಾಗ ಸಿದ್ಧನಿರಬೇಕು. ಅವನ ಕಸುಬಿನ ಸಾರ ಇಷ್ಟೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಎರಡು ವರ್ಷ ಕಬಡ್ಡಿ ತಂಡದ ಮೀಸಲು ಪಟ್ಟಿಯಲ್ಲಿದ್ದೆ. ಅಂಕಣಕ್ಕಿಳಿದದ್ದು ಒಂದೇ ಸಲ. ನಾಚಿಕೆಯಿಂದ ಅದನ್ನು ಹೇಳಿದಾಗ, ಬ್ಯಾಡಗಿಯ ಪೇಟೆಗೆ ಚೀಲ ಹೇರುತ್ತಿದ್ದ ನನ್ನ ತಂದೆ ತಲೆಯೆತ್ತದೆ ಅಂದರು: “ಹೇರಿನ ಬಂಡ್ಯಾಗ ಒಂದು ಹೆಚ್ಚಿನ ಹಗ್ಗ ಇರಬೇಕಪ್ಪ. ಹಗ್ಗ ಹರಿಯೂದು ಹೇಳಿ ಹರಿಯೂದಿಲ್ಲ.”

ಮುಂದಿನ ಪಂದ್ಯ ನೋಡುವಾಗ, ಸಹಪಾಠಿಗಳೇ, ಒಮ್ಮೆ ಬೆಂಚಿನ ಕಡೆಗೂ ಕಣ್ಣು ಹಾಯಿಸಿರಿ.