ಪಂಚಾಯಿತಿಗೆ ದುಡ್ಡು ಎಲ್ಲಿಂದ ತರೋಣ?

ಪ್ರಶ್ನೆ: ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಕಡೆಯ ಗ್ರಾಮ ಪಂಚಾಯಿತಿ ಸದಸ್ಯೆ ನಾನು. ನಮ್ಮ ಓಣಿಗೆ ಚರಂಡಿ, ಶಾಲೆಗೆ ಕಾಂಪೌಂಡ್ ಬೇಕು. ಕೇಳಿದರೆ ‘ಅನುದಾನ ಇಲ್ಲ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ತಾಯಿ, ‘ಇಲ್ಲ’ ಎಂಬ ಮಾತನ್ನು ಅಲ್ಲಿಗೇ ಬಿಡಬೇಡಿ. ಯಾವ ಲೆಕ್ಕದಲ್ಲಿ ಇಲ್ಲ ಎಂದು ಕೇಳಿ. 15ನೇ ಹಣಕಾಸು ಆಯೋಗ 2021–26ರ ಅವಧಿಯ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಬಚ್ಚಲ ನೀರಿನ ಚರಂಡಿ ಆ ಬಾಬತ್ತಿಗೆ ಸೇರುವ ಕೆಲಸ, ಕಾಂಪೌಂಡ್ ಅಲ್ಲ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಅರ್ಜಿ ಬರೆಯಿರಿ.

ಕಾಂಪೌಂಡಿಗೆ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯನ್ನು ನೋಡಿ. ಹರಪನಹಳ್ಳಿ ತಾಲ್ಲೂಕಿಗೆ ಸಂವಿಧಾನದ 371ಜೆ ವಿಧಿಯ ಸೌಲಭ್ಯ ಬಂದದ್ದೇ ದೊಡ್ಡ ಹೋರಾಟದಿಂದ, ಅದನ್ನು ಬಳಸದೆ ಬಿಡುವುದು ಅನ್ಯಾಯ. ಗ್ರಾಮಸಭೆಯ ಠರಾವು, ಎಂಜಿನಿಯರ್ ಮಾಡಿದ ಅಂದಾಜು ಪಟ್ಟಿ, ಜಾಗದ ದಾಖಲೆ ಜೋಡಿಸಿ ಶಾಸಕರ ಕಚೇರಿಗೆ ಕೊಡಿ. ಠರಾವು ಇಲ್ಲದ ಮನವಿಗೆ ಬೆಲೆ ಕಡಿಮೆ. ಗಣಿಬಾಧಿತ ಪ್ರದೇಶಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನವೂ ಇದೆ. ನಿಮ್ಮೂರು ಆ ಪಟ್ಟಿಯಲ್ಲಿದೆಯೇ ವಿಚಾರಿಸಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಸ್ವಂತ ಆದಾಯ. ಪಿಡಿಒ ಬಳಿ ಬೇಡಿಕೆ, ವಸೂಲಿ, ಬಾಕಿಯ ವಹಿ ತೆರೆಸಿ. ಹೊಸದಾಗಿ ಎದ್ದ ಮಳಿಗೆ, ಮೊಬೈಲ್ ಟವರ್, ಕಲ್ಯಾಣ ಮಂಟಪ ಅದರಲ್ಲಿವೆಯೇ ಎಂದು ಸಾಲು ಸಾಲಾಗಿ ನೋಡಿ. ಬಡವರ ಮನೆಗೆ ನೋಟಿಸ್ ಕಳಿಸುವ ಮುನ್ನ ದೊಡ್ಡ ಬಾಕಿದಾರರ ಪಟ್ಟಿಯನ್ನು ಸಭೆಯಲ್ಲಿ ಓದಿಸಿ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸಲು ಅಧ್ಯಕ್ಷರಿಗೆ ಇವತ್ತೇ ಲಿಖಿತವಾಗಿ ಕೊಡಿ, ಸ್ವೀಕೃತಿ ಮರೆಯದೆ ಪಡೆಯಿರಿ.