ಗ್ರಾಮಸಭೆ ಮತ್ತು ಊರಿನ ಶಾಂತಿ: ನವಲಗುಂದದ ಪಾಠ

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ

1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ರೈತರ ಪ್ರತಿಭಟನೆಯ ವೇಳೆ ಗೋಲಿಬಾರ್ ನಡೆದು ಜೀವಹಾನಿ ಸಂಭವಿಸಿತು. ಅಂದು ಎರಡೂ ಊರುಗಳು ಧಾರವಾಡ ಜಿಲ್ಲೆಗೇ ಸೇರಿದ್ದವು. ಮಲಪ್ರಭಾ ಅಚ್ಚುಕಟ್ಟು ಪ್ರದೇಶದ ರೈತರು ನೀರಿನ ಕರದೊಂದಿಗೆ ಅಭಿವೃದ್ಧಿ ಕರವನ್ನೂ ಕಟ್ಟಬೇಕಾಗಿತ್ತು. ಕಾಲುವೆಯ ನೀರು ಸರಿಯಾಗಿ ತಲುಪದ ಹೊಲಗಳಿಗೂ ಕರ ಬಿದ್ದಿದೆ ಎಂಬುದು ಅವರ ದೂರಾಗಿತ್ತು. ಇಂದಿಗೂ ಜುಲೈ 21 ರೈತ ಹುತಾತ್ಮ ದಿನವಾಗಿ ಆಚರಿಸಲ್ಪಡುತ್ತಿದೆ.

ಅಂದು ಕರ ಕೇಳಿದ್ದು ರಾಜ್ಯ ಸರ್ಕಾರ. ಇಂದು ಮನೆ ಕಂದಾಯ ಮತ್ತು ಕುಡಿಯುವ ನೀರಿನ ದರವನ್ನು ವಿಧಿಸುವುದು ಗ್ರಾಮ ಪಂಚಾಯತಿ. ನಳದಲ್ಲಿ ನೀರು ಬಾರದ ಓಣಿಗೂ ದರದ ಬಿಲ್ಲು ಹೋದರೆ ಅದೇ ಪ್ರಶ್ನೆ ಸದಸ್ಯರ ಮುಂದೆ ನಿಲ್ಲುತ್ತದೆ. ವಸತಿ ಫಲಾನುಭವಿಗಳ ಪಟ್ಟಿ, ರಸ್ತೆ, ಸ್ಮಶಾನ ಭೂಮಿ ಮುಂತಾದ ವಿಷಯಗಳಲ್ಲಿಯೂ ಹೀಗೆಯೇ. ದೂರು ಹೇಳಿಕೊಳ್ಳಲು ಸ್ಥಳವಿಲ್ಲದಿದ್ದಾಗ ಅದು ಬೀದಿಗೆ ಬರುತ್ತದೆ. ಆ ಸ್ಥಳವನ್ನು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವು ಒದಗಿಸಿದೆ. ಅದನ್ನು ಬಳಸುವ ಕ್ರಮ ಹೀಗಿದೆ:

1. ವಾರ್ಡ್ ಸಭೆ: ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ಇಪ್ಪತ್ತು ಜನ, ಇವೆರಡರಲ್ಲಿ ಕಡಿಮೆಯಾದ ಸಂಖ್ಯೆ ಕೋರಂ ಆಗಿರುತ್ತದೆ. ಬೇಡಿಕೆಗಳು ಇಲ್ಲಿ ದಾಖಲಾದ ನಂತರವೇ ಗ್ರಾಮಸಭೆಗೆ ಹೋಗಬೇಕು.

2. ಎಲ್ಲರ ಹಾಜರಾತಿ: ಸಭೆಗೆ ಬಂದವರಲ್ಲಿ ಶೇ. 30ರಷ್ಟು ಮಹಿಳೆಯರಿರಬೇಕು, ಪರಿಶಿಷ್ಟ ಜಾತಿ, ಪಂಗಡದವರು ಜನಸಂಖ್ಯೆಗೆ ಅನುಗುಣವಾಗಿರಬೇಕು. ಇದು ಸಹಿ ಹಾಕಿಸಿಕೊಂಡು ಮುಗಿಸುವ ಕೆಲಸವಲ್ಲ. ಕೂಲಿಗೆ ಹೋದವರು ಮರಳುವ ಹೊತ್ತಿಗೆ ಸಭೆ ಕರೆಯಬೇಕು. ಎಲ್ಲರೂ ಸಂಕೋಚವಿಲ್ಲದೆ ಒಳಬರುವಂತಹ ಶಾಲೆ ಅಥವಾ ಸಮುದಾಯ ಭವನದಲ್ಲಿ ನಡೆಸಬೇಕು. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಸದಸ್ಯೆಯ ಪರವಾಗಿ ಪತಿ ಮಾತನಾಡಿದರೆ ಆ ಮೀಸಲಾತಿ ಅರ್ಥಹೀನವಾಗುತ್ತದೆ.

3. ಕಾರಣ ತಿಳಿಸುವುದು: ಆಯ್ಕೆಯಾದವರ ಪಟ್ಟಿಯನ್ನು ಓದಿದರೆ ಸಾಲದು. ಕೈಬಿಟ್ಟ ಪ್ರತಿಯೊಂದು ಹೆಸರಿಗೂ ಕಾರಣವನ್ನು ಸಭೆಯಲ್ಲಿಯೇ ಓದಿ ನಡವಳಿ ಪುಸ್ತಕದಲ್ಲಿ ಬರೆಯುವುದು ಒಳ್ಳೆಯದು. ಮನೆ ಸಿಗದವನು ಕಾರಣ ತಿಳಿದರೆ ಮುಂದಿನ ಸಲಕ್ಕೆ ಕಾಯಬಲ್ಲನು; ತಿಳಿಯದಿದ್ದರೆ ಜಾತಿಯನ್ನೋ ಪಕ್ಷವನ್ನೋ ಕಾರಣವೆಂದು ಭಾವಿಸುತ್ತಾನೆ.

4. ಜಮಾಬಂದಿ: ವರ್ಷದ ಲೆಕ್ಕಪತ್ರ ಹಾಗೂ ಕಾಮಗಾರಿಗಳನ್ನು ಸಾರ್ವಜನಿಕರ ಮುಂದೆ ಪರಿಶೀಲಿಸುವ ಕ್ರಮವಿದು. ಅಳತೆ ಪುಸ್ತಕ ಕೈಯಲ್ಲಿ ಹಿಡಿದು ಚರಂಡಿ, ರಸ್ತೆಗಳನ್ನು ಊರವರೊಂದಿಗೆ ಅಳೆದು ನೋಡಿದಾಗ ಗುಮಾನಿಗೆ ಎಡೆಯಿರುವುದಿಲ್ಲ.

5. ಸಾಮಾಜಿಕ ನ್ಯಾಯ ಸಮಿತಿ: ಕೆರೆ, ಬೋರ್‌ವೆಲ್, ಸ್ಮಶಾನಗಳ ಬಳಕೆಯಲ್ಲಿ ಯಾವ ಓಣಿಗೆ ತೊಂದರೆಯಾಗಿದೆ ಎಂಬುದನ್ನು ಈ ಸಮಿತಿಯು ಜಗಳ ಹುಟ್ಟುವ ಮೊದಲೇ ವಿಚಾರಿಸಬೇಕು.

ಸಭೆಯಲ್ಲಿ ಏರಿದ ದನಿಯನ್ನು ಅಶಾಂತಿಯೆಂದು ತಿಳಿಯಬಾರದು. ಯಾರೂ ಬಾರದ, ಯಾರೂ ಪ್ರಶ್ನಿಸದ ಸಭೆಯ ಮೌನವೇ ಹೆಚ್ಚು ಅಪಾಯಕಾರಿ. ಸಿಟ್ಟಿನಿಂದ ಕೇಳಿದ ಪ್ರಶ್ನೆಗೂ ಲೆಕ್ಕದ ಉತ್ತರ ದೊರೆಯುವ ಊರಿನಲ್ಲಿ ಶಾಂತಿ ಬಾಳುತ್ತದೆ.

ಚರ್ಚೆಗೆ:
• ಕಳೆದ ಗ್ರಾಮಸಭೆಗೆ ಯಾವ ಓಣಿಯಿಂದ ಯಾರೂ ಬಂದಿರಲಿಲ್ಲ? ಏಕೆ?
• ನೀರು ಸರಿಯಾಗಿ ತಲುಪದ ಮನೆಗಳಿಗೂ ದರ ವಿಧಿಸಲಾಗಿದೆಯೇ?
• ಹಿಂದಿನ ಸಭೆಯ ಎಷ್ಟು ಠರಾವುಗಳು ಜಾರಿಯಾಗಿಲ್ಲ? ಕಾರಣವನ್ನು ಜನರಿಗೆ ತಿಳಿಸಲಾಗಿದೆಯೇ?