ದಕ್ಷಿಣೆಗೂ ವೀಸಾದ ಲೆಕ್ಕವಿದೆ

"ಮೊದಲು ವಿಸಿಟರ್ ವೀಸಾದಲ್ಲಿ ಬಂದುಬಿಡಿ ಭಟ್ಟರೇ, ಮಿಕ್ಕಿದ್ದು ಆಮೇಲೆ ನೋಡಿಕೊಳ್ಳೋಣ." ಅಮೆರಿಕದ ದೇವಸ್ಥಾನವೊಂದರ ಸಮಿತಿಯವರು ಫೋನಿನಲ್ಲಿ ಹೀಗೆ ಕರೆದರೆ ಯಲಹಂಕದ ಅರ್ಚಕರು ಹೂಂ ಅನ್ನುವ ಮುಂಚೆ ಒಂದು ಮಾತು ಕೇಳಬೇಕು: ನನ್ನ ಹೆಸರಿನಲ್ಲಿ ಐ-129 ಅರ್ಜಿ ಹಾಕಿದ್ದೀರಾ? ಆರ್‌.ಟಿ. ನಗರದ ಪಾಸ್ಟರಿಗೂ ಹೆಬ್ಬಾಳದ ಇಮಾಮರಿಗೂ ಇದೇ ಮಾತು.

ಅಲ್ಲಿ ಒಂದೇ ಕಡೆ ಸಂಬಳಕ್ಕೆ ನಿಲ್ಲುವವರಿಗೆ ಬೇಕಾದದ್ದು ಆರ್-1 ವೀಸಾ. ಅದಕ್ಕೆ ಮೊದಲ ಅರ್ಜಿ, ಅಂದರೆ ಆ ಐ-129, ನಮ್ಮದಲ್ಲ, ಕರೆಸಿಕೊಳ್ಳುವವರದು. ತೆರಿಗೆ ವಿನಾಯಿತಿ ಇರುವ ಅಲ್ಲಿನ ಧಾರ್ಮಿಕ ಸಂಸ್ಥೆ ಸಂಬಳ, ವಸತಿ, ಕೆಲಸದ ವಿವರ ಕೊಟ್ಟು ವಲಸೆ ಇಲಾಖೆಯಿಂದ ಮಂಜೂರಾತಿ ಪಡೆಯಬೇಕು. ಇಲಾಖೆಯವರು ಸ್ಥಳಕ್ಕೇ ಬಂದು ತಪಾಸಣೆ ಮಾಡಬಹುದು. ಮಂಜೂರಾದ ಮೇಲಷ್ಟೇ ನಾವು ಡಿಎಸ್-160 ಎಂಬ ವೀಸಾ ಅರ್ಜಿ ತುಂಬಿ ಸಂದರ್ಶನಕ್ಕೆ ಹೋಗುವುದು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ಆಗ ಅಲ್ಲಿ ವೀಸಾ ಸೇವೆ ಶುರುವಾಗಿರಲಿಲ್ಲ; ಚೆನ್ನೈಗೋ ಹೈದರಾಬಾದಿಗೋ ಹೋಗಿಬರುವುದೇ ನಮ್ಮವರ ರೂಢಿ. ಆರ್-1 ಮೊದಲ ಸಲ ಹೆಚ್ಚೆಂದರೆ 30 ತಿಂಗಳಿಗೆ ಸಿಗುತ್ತದೆ, ವಿಸ್ತರಣೆ ಸೇರಿ 5 ವರ್ಷಕ್ಕೆ. ಹೆಂಡತಿ ಮಕ್ಕಳು ಆರ್-2ರಲ್ಲಿ ಹೋಗಬಹುದು, ಕೆಲಸಕ್ಕೆ ಸೇರುವಂತಿಲ್ಲ.

ಎರಡು ವರ್ಷದ ನಿಯಮವನ್ನು ಅನೇಕರು ತಪ್ಪಾಗಿ ಹೇಳುತ್ತಾರೆ. ಆರ್-1ಕ್ಕೆ ಕೇಳುವುದು ಎರಡು ವರ್ಷದ ನೌಕರಿಯನ್ನಲ್ಲ. ಕರೆಯುವ ಸಂಸ್ಥೆಯ ಸಂಪ್ರದಾಯಕ್ಕೇ ನೀವೂ ಅರ್ಜಿಯ ಹಿಂದಿನ ಎರಡು ವರ್ಷ ಸೇರಿದ್ದಿರಿ ಎಂಬುದನ್ನು. ದಾಖಲೆಯ ಮಾತಿಗೆ ಬಂದರೆ, ಪಾಸ್ಟರ್ ಆದವರ ಬಳಿ ಸಾಮಾನ್ಯವಾಗಿ ದೀಕ್ಷೆಯ ಪತ್ರ ಇರುತ್ತದೆ. ತಂದೆಯ ಪಕ್ಕ ಕೂತು ಪೂಜೆ ಕಲಿತ ಅರ್ಚಕರಿಗೇ ಕಷ್ಟ. ಅಂಥವರು ಪಾಠಶಾಲೆಯ ಪ್ರಮಾಣಪತ್ರ, ಆಗಮ ಪರೀಕ್ಷೆಯ ಅಂಕಪಟ್ಟಿ, ದೇವಸ್ಥಾನದ ಲೆಟರ್‌ಹೆಡ್‌ನಲ್ಲಿ ತಾರೀಕು ಸಮೇತ ಸೇವಾಪತ್ರ, ಇಷ್ಟನ್ನು ಈಗಿನಿಂದಲೇ ಜೋಡಿಸಿಡುವುದು ಒಳ್ಳೆಯದು. ಬರೀ ಕ್ಯಾಂಟೀನ್ ಅಡುಗೆ, ಕಚೇರಿ ಲೆಕ್ಕ, ಕಸ ಗುಡಿಸುವ ಕೆಲಸಕ್ಕೆ ಈ ವೀಸಾ ಇಲ್ಲ.

ಹಾಗಂತ ವಿಸಿಟರ್ ವೀಸಾ ಪೂರ್ತಿ ನಿಷಿದ್ಧವೂ ಅಲ್ಲ. ಯಾವುದೇ ಒಂದು ಸಂಸ್ಥೆಯಲ್ಲಿ ಹುದ್ದೆ ಹಿಡಿಯದೆ, ಸಂಬಳ ಪಡೆಯದೆ, ಸಭೆಗಳಲ್ಲಿ ಭಕ್ತರು ಕೊಡುವ ಕಾಣಿಕೆಯ ಮೇಲೆ ಧರ್ಮಪ್ರಚಾರದ ಪ್ರವಾಸ ಮಾಡುವವರಿಗೆ ಬಿ-1 ಸಾಕು. ಆರ್-1ರಲ್ಲಿ ಹೋದವರ ಪೇಚು ಬೇರೆ. ಶನಿವಾರ ಯಾರದೋ ಮನೆಯ ಗೃಹಪ್ರವೇಶಕ್ಕೆ ದೇವಸ್ಥಾನವೇ ಕಳಿಸಿ ರಸೀದಿ ಹರಿದರೆ ತೊಂದರೆಯಿಲ್ಲ. ಸ್ವಂತ ಲೆಕ್ಕದಲ್ಲಿ ಹೋಗಿ ದಕ್ಷಿಣೆ ಜೇಬಿಗಿಳಿಸಿದರೆ ಅನುಮತಿಯಿಲ್ಲದ ದುಡಿಮೆ ಎನಿಸಿಕೊಳ್ಳಬಹುದು. ಬೇರೆ ದೇವಸ್ಥಾನ ಕರೆಯಿತೆಂದು ಹೊರಟರೂ ಅಷ್ಟೇ, ಅವರ ಅರ್ಜಿ ಮಂಜೂರಾಗುವ ತನಕ ಅಲ್ಲಿ ಗಂಟೆ ಹಿಡಿಯುವಂತಿಲ್ಲ.

ಬ್ರಿಟನ್ನಿನಲ್ಲೂ ಲೈಸೆನ್ಸ್ ಪಡೆದ ಸಂಸ್ಥೆಯೇ ಪ್ರಾಯೋಜಕತ್ವದ ಪತ್ರ ಕೊಡಬೇಕು. ಧರ್ಮಗುರುವಿನ ಹುದ್ದೆಗಾದರೆ ಬಿ2 ಮಟ್ಟದ ಇಂಗ್ಲಿಷ್ ಬೇಕು.

ಮಲೇಷ್ಯಾ ಅಥವಾ ಕೊಲ್ಲಿ ದೇಶಗಳಿಗೆ ಹೊರಟವರು ಮಾತ್ರ ಮೊದಲು ನೋಡಬೇಕಾದದ್ದು ಸ್ವಂತ ಪಾಸ್‌ಪೋರ್ಟನ್ನು. ಎಸ್ಸೆಸ್ಸೆಲ್ಸಿ ಮುಗಿಸದೆ ಎಳವೆಯಲ್ಲೇ ವೇದಪಾಠಶಾಲೆಗೋ ಮದರಸಕ್ಕೋ ಸೇರಿದವರ ಪಾಸ್‌ಪೋರ್ಟಿನಲ್ಲಿ 'ಇಸಿಆರ್' (ವಲಸೆ ತಪಾಸಣೆ ಅಗತ್ಯ) ಎಂಬ ನಮೂದು ಇರುವ ಸಂಭವ ಹೆಚ್ಚು. ಹಾಗಿದ್ದರೆ 1983ರ ವಲಸೆ ಕಾಯ್ದೆಯಡಿ ಮಲೇಷ್ಯಾ, ಯುಎಇ, ಕತಾರ್, ಸೌದಿ ಮುಂತಾದ ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ಪಡೆಯಲೇಬೇಕು; ಇಲ್ಲದಿದ್ದರೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಕಿರಿಕಿರಿ ಅನ್ನಿಸಿದರೂ ಈ ತಪಾಸಣೆ ಇರುವುದು ಕಡಿಮೆ ಓದಿದವರ ರಕ್ಷಣೆಗೇ. ಏಜೆಂಟ್ ನಡುವೆ ಬಂದರೆ ನೋಂದಣಿ ಸಂಖ್ಯೆ ಕೇಳಿ. ಸೇವಾಶುಲ್ಕಕ್ಕೆ ₹30,000 ಮತ್ತು ಜಿಎಸ್‌ಟಿಯ ಮಿತಿ ಇದೆ. ಅನುಮಾನ ಬಂದರೆ ಪ್ರವಾಸಿ ಭಾರತೀಯ ಸಹಾಯ ಕೇಂದ್ರದ 1800 11 3090ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಯಾವ ದೇಶಕ್ಕೆ ಹೋದ ಮೇಲೂ "ಪಾಸ್‌ಪೋರ್ಟ್ ಆಫೀಸಿನಲ್ಲೇ ಇರಲಿ" ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಬಲವಂತದಿಂದ ದುಡಿಸಿಕೊಳ್ಳಲು ಇನ್ನೊಬ್ಬರ ಪಾಸ್‌ಪೋರ್ಟ್ ಬಚ್ಚಿಡುವುದು ಅಮೆರಿಕದಲ್ಲಿ ಅಪರಾಧ.